ಸುಮ್ಕಿರುವ ಮೋಟರು

ಕನಕಪುರದ ಕಡೆಯ ಯಾವುದಾದರೂ ಹಳ್ಳಿಯಲ್ಲಿ ರಾತ್ರಿ ಉಳಿದವರಿಗೆ ಈ ಸದ್ದು ಗೊತ್ತಿರುತ್ತದೆ. ಎರಡು ಗಂಟೆಯೋ ಎರಡೂವರೆಯೋ ಆಗಿರುತ್ತದೆ, ನಾಯಿಗಳೂ ಬೊಗಳಿ ಸುಸ್ತಾಗಿ ಮಲಗಿರುತ್ತವೆ. ತೋಟದ ಮೂಲೆಯ ತಗಡಿನ ಪೆಟ್ಟಿಗೆಯಿಂದ 'ಟಕ್' ಎಂದು ಒಂದು ಸದ್ದು. ತ್ರೀ ಫೇಸ್ ಬಂತು. ಸ್ಟಾರ್ಟರಿಗೆ ಕಟ್ಟಿದ 'ಆಟೋ' ಎಂಬ ಸಣ್ಣ ಡಬ್ಬಿ ಯಾರನ್ನೂ ಕೇಳದೆ ಮೋಟರನ್ನು ಎಬ್ಬಿಸಿದೆ. ಪೈಪು ಮೊದಲು ಗಾಳಿ ಉಗುಳಿ, ಒಂದೆರಡು ಸಲ ಕೆಮ್ಮಿ, ಆಮೇಲೆ ನೀರು ಬಿಡುತ್ತದೆ. ಬೆಳಗಿನವರೆಗೂ ಹರಿಯುತ್ತದೆ. ಹಿಪ್ಪುನೇರಳೆ ಸಾಲು ತುಂಬಿ, ಬದು ಮೀರಿ, ಪಕ್ಕದ ದಾರಿಯಲ್ಲಿ ಕೆಸರಾಗಿ ನಿಲ್ಲುತ್ತದೆ.

ಒಂದು ಸಲ ಆ ಕೆಸರು ತುಳಿದುಕೊಂಡು ಬಂದು ನಮ್ಮ ದೊಡ್ಡಪ್ಪನನ್ನು ಕೇಳಿದೆ: 'ನೀರು ದಂಡವಾಗಿ ಹೋಗ್ತಾ ಅದಲ್ಲ ದೊಡ್ಡಪ್ಪ, ಆ ಆಟೋ ತೆಗೆಸಬಾರದಾ?' ಅವರು ಬೀಡಿ ಹಚ್ಚುತ್ತ ಹೇಳಿದ್ದು ಇಷ್ಟೇ: 'ಬುಡು ಮಗ, ಅದರ ಪಾಡಿಗೆ ಅದು ಓಡ್ಲಿ. ನಾಳೀಕೆ ಕರೆಂಟು ಕೊಡ್ತಾರೋ ಇಲ್ವೋ ಯಾರಿಗೊತ್ತು.'

ಬಹಳ ವರ್ಷಗಳ ನಂತರ ಚೀನಾದ ತಾವೋ ಚಿಂತನೆಯನ್ನು ಓದುವಾಗ ಆ ಮಾತು ನೆನಪಾಗಿ ನಗು ಬಂತು. ತಾವೋ ಪಂಥದ ಎರಡು ದೊಡ್ಡ ಮಾತುಗಳಲ್ಲಿ ಒಂದು 'ಝೀರಾನ್'. ಪಂಡಿತರು ಅದಕ್ಕೆ ಸಹಜತೆ, ಸ್ವಭಾವ ಎಂದೆಲ್ಲ ಅರ್ಥ ಹೇಳುತ್ತಾರೆ. ನನ್ನನ್ನು ಕೇಳಿದರೆ ಅದಕ್ಕೆ ಸರಿಯಾದ ಕನ್ನಡ ದೊಡ್ಡಪ್ಪನ ಬಾಯಲ್ಲೇ ಇತ್ತು: ಅದರ ಪಾಡಿಗೆ ಅದು. ಇನ್ನೊಂದು ಮಾತು 'ವು ವೇಯ್', ಮಾಡದಿರುವಿಕೆ. ಇದಕ್ಕೂ ನಮ್ಮ ಸೀಮೆಯಲ್ಲಿ ಪದವುಂಟು: ಸುಮ್ಕಿರೋದು. ಎಡವಟ್ಟು ಏನೆಂದರೆ, ಈ ಎರಡನ್ನೂ ದೊಡ್ಡಪ್ಪ ನದಿಗೋ ಮಳೆಗೋ ಹೇಳಲಿಲ್ಲ, ಮೋಟರಿಗೆ ಹೇಳಿದರು. ಸುಮ್ಮನಿದ್ದವರು ಅವರು, ತನ್ನ ಪಾಡಿಗೆ ತಾನು ಓಡಿದ್ದು ಯಂತ್ರ.

ಬಂದದ್ದನ್ನು ಒಪ್ಪಿಕೊಂಡು ಬಾಳುವುದು ಒಂದು ದಾರಿ, ಹೊಸ ಯಂತ್ರ ಬಂದೊಡನೆ ಕಣ್ಣರಳಿಸಿ ಅಪ್ಪಿಕೊಳ್ಳುವುದು ಇನ್ನೊಂದು, ಇವೆರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನಾವು ತಿಳಿದಿದ್ದೇವೆ. ಕನಕಪುರದ ನೀರಿನ ಚರಿತ್ರೆಯನ್ನು ನೋಡುತ್ತ ಹೋದರೆ ಹಾಗೆ ಕಾಣುವುದಿಲ್ಲ. ಅದನ್ನು ಹೇಳುವ ಮುನ್ನ ಒಬ್ಬ ಮುದುಕನ ಕತೆ ಹೇಳಬೇಕು.

ತಾವೋ ಪಂಥದ ಲಾವೊ ತ್ಸುವಿನ ಹೆಸರು ಕನ್ನಡದ ಓದುಗರಿಗೆ ಹೊಸದಲ್ಲ. ಯು. ಆರ್. ಅನಂತಮೂರ್ತಿಯವರು ಅವನ ಗ್ರಂಥವನ್ನು 'ದಾವ್ ದ ಜಿಂಗ್' ಎಂದೇ ಕನ್ನಡಕ್ಕೆ ತಂದರು. ಅವನಷ್ಟು ಪರಿಚಿತನಲ್ಲದವನು ಚುವಾಂಗ್ ತ್ಸು, ಕ್ರಿ.ಪೂ. 4ನೇ ಶತಮಾನದವನು. ಉಪದೇಶಕ್ಕಿಂತ ಹರಟೆಯಲ್ಲಿ ಪಳಗಿದ ಮನುಷ್ಯ. ಅವನ ಹೆಸರಿನ ಗ್ರಂಥದ 12ನೇ ಅಧ್ಯಾಯದಲ್ಲಿ ಬರುವ ಕತೆ ಇದು.

ಕನ್‌ಫ್ಯೂಷಿಯಸ್‌ನ ಶಿಷ್ಯ ತ್ಸು ಕುಂಗ್ ದಾರಿಯಲ್ಲಿ ಹೋಗುತ್ತಿದ್ದಾಗ ಒಬ್ಬ ಮುದುಕ ತರಕಾರಿ ಮಡಿಗಳಿಗೆ ನೀರು ಹಾಯಿಸುತ್ತಿದ್ದ. ಬಾವಿಯೊಳಕ್ಕೆ ಇಳಿಯಲು ಒಂದು ಸುರಂಗ ತೋಡಿಕೊಂಡಿದ್ದಾನೆ. ಮಡಕೆ ತಬ್ಬಿಕೊಂಡು ಇಳಿಯುತ್ತಾನೆ, ತುಂಬಿಕೊಂಡು ಹತ್ತುತ್ತಾನೆ, ಮಡಿಗೆ ಸುರಿಯುತ್ತಾನೆ, ಮತ್ತೆ ಇಳಿಯುತ್ತಾನೆ. ಬೆವರು ಬಹಳ, ನೀರು ಸ್ವಲ್ಪ. ತ್ಸು ಕುಂಗ್‌ಗೆ ತಡೆಯಲಾಗಲಿಲ್ಲ. ಒಂದೇ ದಿನದಲ್ಲಿ ನೂರು ಮಡಿಗೆ ನೀರು ಹಾಯಿಸುವ ಉಪಾಯವೊಂದಿದೆ, ಬೇಡವೇ ಎಂದು ಕೇಳಿದ. ಅದೇನಪ್ಪ ಎಂದು ಮುದುಕ ತಲೆ ಎತ್ತಿದ. ಮರ ಕಡಿದು ಮಾಡಿದ ತೊಲೆ, ಹಿಂದೆ ಭಾರ, ಮುಂದೆ ಹಗುರ, ಎಳೆದರೆ ನೀರು ಉಕ್ಕಿದ ಹಾಗೆ ಬರುತ್ತದೆ ಎಂದು ಅವನು ವರ್ಣಿಸಿದ.

ಓದುತ್ತಿದ್ದವನು ಇಲ್ಲಿ ನಿಂತೆ. ಇದು ನಮ್ಮ ಏತ! ಹಿಂದಿನ ತುದಿಗೆ ಕಲ್ಲು ಕಟ್ಟಿ, ಮುಂದಿನ ತುದಿಯಿಂದ ಬಿದಿರು ಗಳು ಇಳಿಬಿಟ್ಟು, ಹಾಡು ಹೇಳಿಕೊಂಡು ನೀರೆತ್ತುತ್ತಿದ್ದರಲ್ಲ, ಅದೇ. ನಮಗೆ ಏತ ಎಂದರೆ ಅಜ್ಜಂದಿರ ಕಾಲದ ನೆನಪು, ಜನಪದ ಸಂಗ್ರಹಾಲಯದಲ್ಲಿಡುವ ವಸ್ತು. ಆ ಮುದುಕನಿಗೆ ಅದು ಹೊಸ ತಂತ್ರಜ್ಞಾನ, ಹಾಗಾಗಿ ಅನುಮಾನ. ಅವನ ಮುಖ ಕೆಂಪೇರಿತು, ಆಮೇಲೆ ನಕ್ಕ. ಯಂತ್ರ ಇಟ್ಟುಕೊಂಡವನ ಕೆಲಸವೆಲ್ಲ ಯಂತ್ರದ ಕೆಲಸವಾಗುತ್ತದೆ, ಆ ಕೆಲಸ ಮಾಡುತ್ತ ಮಾಡುತ್ತ ಎದೆಯೂ ಯಂತ್ರದ ಎದೆಯಾಗುತ್ತದೆ, ಅಂಥ ಎದೆಯಲ್ಲಿ ತಾವೋ ನೆಲೆಸುವುದಿಲ್ಲ ಎಂದು ಗುರು ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ ಎಂದ. ಏತ ಗೊತ್ತಿಲ್ಲವೆಂದಲ್ಲ, ಬಳಸಲು ನಾಚಿಕೆ ಅಷ್ಟೆ.

ಈ ಕತೆ ಲೋಕವೆಲ್ಲ ಸುತ್ತಿದೆ. ಅಣುವಿಜ್ಞಾನದ ಬುನಾದಿ ಹಾಕಿದವರಲ್ಲಿ ಒಬ್ಬನಾದ ವರ್ನರ್ ಹೈಸನ್‌ಬರ್ಗ್ 1950ರ ದಶಕದಲ್ಲಿ ಆಧುನಿಕ ತಂತ್ರಜ್ಞಾನದ ಬಗ್ಗೆ ಬರೆಯುವಾಗ ಇದನ್ನೇ ಎತ್ತಿ ಹೇಳಿದ. ಯಂತ್ರವನ್ನು ಬಯ್ಯುವವರಿಗೆಲ್ಲ ಈ ಮುದುಕ ಆರಾಧ್ಯ ದೈವ. ಆದರೆ ಬಹಳ ಜನ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮೂಲದಲ್ಲಿ ಅದು ಮುಂದುವರಿಯುತ್ತದೆ. ತ್ಸು ಕುಂಗ್ ಮುಖ ಚಿಕ್ಕದು ಮಾಡಿಕೊಂಡು ಹೋಗಿ ತನ್ನ ಗುರು ಕನ್‌ಫ್ಯೂಷಿಯಸ್‌ಗೆ ನಡೆದದ್ದನ್ನು ಹೇಳುತ್ತಾನೆ. ಗುರು ಅಷ್ಟೇನೂ ಬೆರಗಾಗುವುದಿಲ್ಲ. ಆ ಮುದುಕನಿಗೆ ಒಂದು ಗೊತ್ತು, ಎರಡು ಗೊತ್ತಿಲ್ಲ, ಒಳಗನ್ನು ನೇರ ಮಾಡಿಕೊಂಡಿದ್ದಾನೆ, ಹೊರಗನ್ನು ಮರೆತಿದ್ದಾನೆ ಎಂದುಬಿಡುತ್ತಾನೆ.

ಇನ್ನೂ ಸೊಗಸು 14ನೇ ಅಧ್ಯಾಯದಲ್ಲಿದೆ. ಅಲ್ಲಿ ಇದೇ ಏತಕ್ಕೆ ಹೊಗಳಿಕೆ! ಎಳೆದರೆ ಬಾಗುತ್ತದೆ, ಬಿಟ್ಟರೆ ಏಳುತ್ತದೆ. ಮನುಷ್ಯ ಅದನ್ನು ಎಳೆಯುತ್ತಾನೆ, ಅದು ಮನುಷ್ಯನನ್ನು ಎಳೆಯುವುದಿಲ್ಲ. ಹಾಗಾಗಿ ಅದು ಮೇಲಿದ್ದರೂ ಕೆಳಗಿದ್ದರೂ ಯಾರಿಗೂ ನೋವಿಲ್ಲ ಎಂಬರ್ಥದ ಮಾತು ಅಲ್ಲಿ ಬರುತ್ತದೆ. ಒಂದೇ ಗ್ರಂಥ, ಒಂದೇ ಯಂತ್ರ, ಎರಡು ತೀರ್ಪು. ಈ ಎರಡನ್ನೂ ಜೊತೆಗಿಟ್ಟು ಓದಿದರೆ ತಾವೋದವರ ತಕರಾರು ಮರದ ತೊಲೆಯ ಮೇಲಲ್ಲ ಎಂಬುದು ತಿಳಿಯುತ್ತದೆ. ಅವರು ಕೇಳುತ್ತಿರುವುದು ಬೇರೆ: ಯಾರು ಯಾರನ್ನು ಎಳೆಯುತ್ತಿದ್ದಾರೆ?

ತಾವೋ ಪಂಥದವರು ಕೈಕಟ್ಟಿ ಕುಳಿತ ಸನ್ಯಾಸಿಗಳು ಎಂಬ ಚಿತ್ರವೂ ಅರ್ಧ ಸತ್ಯವೇ. ಚೀನಾದ ವಿಜ್ಞಾನದ ಚರಿತ್ರೆಯನ್ನು ಸಂಪುಟ ಸಂಪುಟವಾಗಿ ಬರೆದ ಜೋಸೆಫ್ ನೀಡಮ್, ಅಲ್ಲಿನ ರಸವಿದ್ಯೆ, ಔಷಧಿ, ಪ್ರಕೃತಿಯ ಸೂಕ್ಷ್ಮ ಗಮನಿಕೆಗಳಲ್ಲಿ ಈ ಪಂಥದವರ ಪಾಲು ದೊಡ್ಡದೆಂದು ವಾದಿಸಿದ. ಸಾವಿಲ್ಲದ ಮದ್ದು ಹುಡುಕಲು ಹೋಗಿ ಅವರು ಸಿಡಿಮದ್ದು ಕಂಡುಹಿಡಿದದ್ದು 9ನೇ ಶತಮಾನದ ಸುಮಾರಿಗೆ. ಗಡ್ಡ ಸುಟ್ಟುಕೊಂಡವರ ಸುದ್ದಿಯೂ ಹಳೆಯ ಹೊತ್ತಗೆಗಳಲ್ಲಿದೆ.

ಇನ್ನು ನಮ್ಮ ಸೀಮೆಗೆ ಬರೋಣ. ಏತದ ನಂತರ ಕಪಿಲೆ ಬಂತು. ಎತ್ತುಗಳು ಇಳಿಜಾರಿನಲ್ಲಿ ಕೆಳಗಿಳಿದರೆ ಬಾವಿಯಿಂದ ತೊಗಲಿನ ಚೀಲ ಮೇಲೇರುತ್ತಿತ್ತು. ಎತ್ತಿಗೆ ದಣಿವಾದರೆ ನೀರು ನಿಂತಿತು, ಬಾವಿಯ ತಳ ಕಂಡರೆ ಅಂದಿನ ಕೆಲಸ ಮುಗಿಯಿತು. ನಿಲ್ಲಿಸು ಎಂದು ಹೇಳಲು ಬೇರೆ ಯಾರೂ ಬೇಕಿರಲಿಲ್ಲ. ಆಮೇಲೆ ಕರೆಂಟು.

ಮೈಸೂರು ಸಂಸ್ಥಾನ ವಿದ್ಯುತ್ತನ್ನು ಎದುರುಗೊಂಡ ರೀತಿಯಲ್ಲಿ ಮುದುಕನ ನಾಚಿಕೆ ಎಳ್ಳಷ್ಟೂ ಇರಲಿಲ್ಲ. 1902ರಲ್ಲೇ ಶಿವನಸಮುದ್ರದ ಜಲವಿದ್ಯುತ್ ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ವಿಶ್ವೇಶ್ವರಯ್ಯನವರ ಕಾಲಕ್ಕಂತೂ ಕೈಗಾರಿಕೆ ಇಲ್ಲದಿದ್ದರೆ ಉಳಿವಿಲ್ಲ ಎಂಬುದು ನಾಡಿನ ನಂಬಿಕೆಯೇ ಆಯಿತು. ತಂತಿಯ ಕೆಳಗಿನ ಹಳ್ಳಿಗಳು ಮಾತ್ರ ದಶಕಗಳ ಕಾಲ ಬುಡ್ಡಿದೀಪದಲ್ಲೇ ಉಂಡವು. ಹಾಗಾಗಿ ಯಂತ್ರವನ್ನು ಒಲ್ಲೆ ಎನ್ನುವ ವೈರಾಗ್ಯ ನಮ್ಮ ರೈತನಿಗೆ ಬಾರದಿದ್ದರೆ ಅದರಲ್ಲಿ ತಪ್ಪೇನಿಲ್ಲ. ಇಲ್ಲದವನ ತ್ಯಾಗಕ್ಕೆ ಅರ್ಥವಿಲ್ಲ. ಏತದ ತೊಲೆಯ ಮೇಲೆ ಇಡೀ ದಿನ ಕಾಲು ಸವೆಸಿದವನಿಗೆ ಪಂಪ್‌ಸೆಟ್ಟು ಬಿಡುಗಡೆಯೇ ಆಗಿತ್ತು. ಮಡಕೆ ತಬ್ಬಿಕೊಂಡು ಇಳಿಯುವುದರಲ್ಲಿ ಕಾವ್ಯವಿದೆ ಎನ್ನುವವರು ಒಂದು ದಿನ ಇಳಿದು ನೋಡಬೇಕು.

ಕೆಟ್ಟದ್ದು ಪಂಪಿನಿಂದಲ್ಲ, ಪಂಪಿನ ಜೊತೆಗೆ ಸೇರಿಕೊಂಡ ಎರಡು ಸಂಗತಿಗಳಿಂದ. ಒಂದು ಕೊಳವೆಬಾವಿ. ತೆರೆದ ಬಾವಿಯಲ್ಲಿ ಬಗ್ಗಿ ನೋಡಿದರೆ ನೀರೆಷ್ಟಿದೆ ಎಂದು ಕಾಣುತ್ತಿತ್ತು. ಬೋರಿನಲ್ಲಿ ಏನೂ ಕಾಣುವುದಿಲ್ಲ. ಇನ್ನೊಂದು ಪುಕ್ಕಟೆ ಕರೆಂಟು. ಬಂಗಾರಪ್ಪನವರ ಸರ್ಕಾರದ ಕಾಲದಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳ ಕರೆಂಟು ಪುಕ್ಕಟೆ ಎಂಬುದು ನಮ್ಮ ರಾಜಕೀಯದಲ್ಲಿ ಮುಟ್ಟಲಾಗದ ಮಾತಾಗಿದೆ. ನೀರು ಕಾಣುವುದಿಲ್ಲ, ಬಿಲ್ಲೂ ಕಾಣುವುದಿಲ್ಲ. ಎರಡು ಕಣ್ಣಿಗೂ ಬಟ್ಟೆ ಕಟ್ಟಿದ ಮೇಲೆ ಆಟೋ ಸ್ಟಾರ್ಟರ್ ಬಂದದ್ದು ಸಹಜವೇ. ಹೊತ್ತುಗೊತ್ತಿಲ್ಲದ ತ್ರೀ ಫೇಸಿಗೆ ರಾತ್ರಿ ಎದ್ದು ಹಾವಿನ ಮೇಲೆ ಕಾಲಿಡುವುದಕ್ಕಿಂತ ಅದೇ ಮೇಲು.

ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ಮೊದಲ ಬೋರು ಬತ್ತಿದಾಗ ಪಾಯಿಂಟ್ ನೋಡುವವನನ್ನು ಕರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದು, ಕಾಯಿ ಎದ್ದು ನಿಂತ ಜಾಗಕ್ಕೆ ಗೂಟ ಹೊಡೆದ. ಸಾಯಂಕಾಲ ಲಾರಿ ಬಂತು. ರಾತ್ರಿಯೆಲ್ಲ ಕೊರೆದರು. ಮುನ್ನೂರು ಅಡಿಗೆ ಬರೀ ದೂಳು, ಆರುನೂರಕ್ಕೂ ದೂಳು. ದೊಡ್ಡಮ್ಮ ಕಬ್ಬಾಳಮ್ಮನಿಗೆ ಹರಕೆ ಹೊತ್ತುಕೊಂಡರು. ಎಂಟುನೂರ ಚಿಲ್ಲರೆ ಅಡಿಯಲ್ಲಿ ಒಂದಿಂಚು ನೀರು ಸಿಕ್ಕಿತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೂ ಹೋಯಿತು. ಮೂರನೆಯದಕ್ಕೆ ಸಾಲ, ನಾಲ್ಕನೆಯದಕ್ಕೆ ಒಂದು ಹಸು ಮತ್ತು ಒಡವೆ. ಪ್ರತಿ ಸಲವೂ 'ಇನ್ನು ನೂರಡಿ ಹೋಗೋಣ ಸ್ವಾಮಿ' ಎಂದು ಲಾರಿಯವನು ಹೇಳುವನು, ಹೂಂ ಎಂದು ದೊಡ್ಡಪ್ಪ ತಲೆಯಾಡಿಸುವರು. ಚುವಾಂಗ್ ತ್ಸುವಿನ ಏತವನ್ನು ಮನುಷ್ಯ ಎಳೆಯುತ್ತಿದ್ದ. ಇಲ್ಲಿ ಎಂಟುನೂರು ಅಡಿ ಆಳದಲ್ಲಿ ಕೂತ ಮೋಟರು ಇಡೀ ಮನೆಯನ್ನು ಎಳೆಯುತ್ತಿತ್ತು.

ಹನಿ ನೀರಾವರಿ ಬಂದರೆ ಸರಿಹೋಗುತ್ತದೆ ಎಂದರು. ಬಂತು, ಸಬ್ಸಿಡಿಯೂ ಬಂತು. ಗಿಡವೊಂದಕ್ಕೆ ತಗಲುವ ನೀರು ಕಡಿಮೆಯಾದದ್ದು ನಿಜ. ಉಳಿದ ನೀರನ್ನು ಏನು ಮಾಡಿದೆವು? ಬೀಳುಬಿಟ್ಟಿದ್ದ ಇನ್ನೊಂದು ಎಕರೆಗೆ ಪೈಪು ಎಳೆದೆವು. ಉಳಿತಾಯದ ಯಂತ್ರ ಬಂದಷ್ಟೂ ಬಳಕೆ ಹೆಚ್ಚುತ್ತದೆ ಎಂದು ವಿಲಿಯಂ ಸ್ಟಾನ್ಲಿ ಜೆವೊನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಇಂಗ್ಲೆಂಡಿನ ಕಲ್ಲಿದ್ದಲನ್ನು ನೋಡಿ ಬರೆದಿದ್ದ. ಉಗಿಯಂತ್ರ ಸುಧಾರಿಸಿದಂತೆಲ್ಲ ಕಲ್ಲಿದ್ದಲು ಉಳಿಯಲಿಲ್ಲ, ಇನ್ನಷ್ಟು ಸುಟ್ಟಿತು. ಸೋಲಾರ್ ಪಂಪಿನ ವಿಷಯದಲ್ಲೂ ತಿಳಿದವರ ಭಯ ಇದೇ. ಸೂರ್ಯ ಬಿಲ್ಲು ಕಳಿಸುವುದಿಲ್ಲ, ಲೋಡ್ ಶೆಡ್ಡಿಂಗೂ ಮಾಡುವುದಿಲ್ಲ. ಹಗಲೆಲ್ಲ ಎತ್ತುತ್ತ ಕೂತರೆ ಕೇಳುವವರು ಯಾರು?

ಈ ಪ್ರಶ್ನೆಗೆ ಒಂದು ಜಾಣ ಉತ್ತರ ಹುಟ್ಟಿದ್ದು ದೂರದಲ್ಲೆಲ್ಲೂ ಅಲ್ಲ, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ.

2014ರಲ್ಲಿ ರಾಜ್ಯ ಸರ್ಕಾರ 'ಸೂರ್ಯರೈತ' ಎಂಬ ಯೋಜನೆ ಪ್ರಕಟಿಸಿತು. ಅದರ ಮೊದಲ ಪ್ರಯೋಗಕ್ಕೆ ಬೆಸ್ಕಾಂ ಆರಿಸಿಕೊಂಡದ್ದು ಹಾರೋಬೆಲೆ, ನಲ್ಲಹಳ್ಳಿ ಸುತ್ತಿನ ಮುನ್ನೂರಕ್ಕೂ ಹೆಚ್ಚು ಪಂಪ್‌ಸೆಟ್ಟುಗಳನ್ನು. ಹೊಲದಲ್ಲೇ ಸೋಲಾರ್ ಫಲಕ ನಿಲ್ಲಿಸಿ ಹಳೆಯ ಪಂಪಿನ ಜಾಗದಲ್ಲಿ ಹೊಸದನ್ನು ಇಳಿಸುವುದು. ಇಲ್ಲಿಯವರೆಗೆ ಹೊಸದೇನಿಲ್ಲ. ಹೊಸದು ಮುಂದಿನದು. ಈ ಪಂಪು ಬೆಸ್ಕಾಂನ ತಂತಿಗೂ ಕೂಡಿಕೊಂಡಿದೆ. ಮೋಟರು ಓಡದೆ ನಿಂತಾಗ ಫಲಕದ ಕರೆಂಟು ದಂಡವಾಗುವುದಿಲ್ಲ, ಮೀಟರಿನ ಮೂಲಕ ಗ್ರಿಡ್ಡಿಗೆ ಹೋಗುತ್ತದೆ. ಹೋದ ಯೂನಿಟ್ಟಿಗೆ ದರ ಉಂಟು. ಅದರಲ್ಲಿ ದೊಡ್ಡ ಪಾಲು ಫಲಕದ ಸಾಲಕ್ಕೆ ಜಮಾ, ಉಳಿದದ್ದು ರೈತನ ಕೈಗೆ. ಹುಟ್ಟಿದ ಕರೆಂಟಿನಲ್ಲಿ ಮೂರರಲ್ಲೊಂದು ಪಾಲು ನೀರೆತ್ತಲು, ಮಿಕ್ಕ ಎರಡು ಪಾಲು ಮಾರಲು ಎಂಬುದು ಯೋಜನೆಯ ಅಂದಾಜು.

ಲೆಕ್ಕವನ್ನು ಒಂದು ಮೋಟರಿಗೆ ಇಳಿಸಿ ನೋಡೋಣ. 5 ಎಚ್‌ಪಿ ಎಂದರೆ 3.7 ಕಿಲೋವ್ಯಾಟ್ ಚಿಲ್ಲರೆ. ಅದು ಒಂದು ಗಂಟೆ ಸುಮ್ಮನಿದ್ದರೆ ಮೂರೂಮುಕ್ಕಾಲು ಯೂನಿಟ್ಟಿನಷ್ಟು ಉಳಿಯುತ್ತದೆ, ನಾಲ್ಕು ಗಂಟೆ ಸುಮ್ಮನಿದ್ದರೆ ಸುಮಾರು 15 ಯೂನಿಟ್. ಯೂನಿಟ್ಟಿಗೆ ರೈತನ ಪಾಲಿಗೆ ಒಂದು ರೂಪಾಯಿ ಬಂದರೂ ದಿನಕ್ಕೆ ಹದಿನೈದು ರೂಪಾಯಿ, ಬಿಸಿಲಿನ ಇನ್ನೂರು ದಿನಕ್ಕೆ ಮೂರು ಸಾವಿರ. ದೊಡ್ಡ ಮೊತ್ತವೇನಲ್ಲ. ಆದರೆ ಮೊತ್ತಕ್ಕಿಂತ ಅದು ಬರುವ ಬಗೆ ನೋಡಿ. ನೀರೆತ್ತಿದವನಿಗೆ ಬೆಳೆ, ಎತ್ತದೆ ಬಿಟ್ಟವನಿಗೂ ಬೆಲೆ! ಮೋಟರು ಆಫ್ ಮಾಡಿ ಹೊಂಗೆ ಮರದ ಕೆಳಗೆ ಕೂತವನ ಖಾತೆಗೆ ದುಡ್ಡು ಬೀಳುತ್ತದೆ. ಆಟೋ ಸ್ಟಾರ್ಟರಿನ ತದ್ವಿರುದ್ಧ ಯಂತ್ರ ಇದು. ವು ವೇಯ್ ಎಂಬುದನ್ನು ಮೀಟರಿನಲ್ಲಿ ಅಳೆಯುವ ಉಪಾಯ ಎಂದರೆ ಚುವಾಂಗ್ ತ್ಸು ನಗುತ್ತಾನೋ ಮುಖ ಸಿಂಡರಿಸುತ್ತಾನೋ, ನನಗಂತೂ ಅವನು ನಗುತ್ತಾನೆ ಎನಿಸುತ್ತದೆ.

ನೀರಾವರಿ ತಜ್ಞ ತುಷಾರ್ ಶಾ ಮತ್ತು ಸಂಗಡಿಗರು ಈ ನೀತಿಯನ್ನು ಮೆಚ್ಚಿ 2014ರಲ್ಲೇ ಬರೆದರು. ಅವರ ವಾದದ ತಿರುಳೆಂದರೆ ಬಿಸಿಲೂ ಒಂದು ಬೆಳೆ, ಅದನ್ನು ಕೊಳ್ಳುವವರಿದ್ದರೆ ಅಂತರ್ಜಲ ಉಳಿಯುತ್ತದೆ. 2016ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ ರೈತರು ಸಹಕಾರ ಸಂಘ ಕಟ್ಟಿಕೊಂಡು ಇದೇ ಬಗೆಯಲ್ಲಿ ಕರೆಂಟು ಮಾರಲು ಶುರುಮಾಡಿದರು. ಹಾಲು ಮಾರುವ ಜಿಲ್ಲೆಗೆ ಬಿಸಿಲು ಮಾರುವುದು ಕಷ್ಟವಾಗಲಿಲ್ಲವೇನೋ.

ಹಾರೋಬೆಲೆಯ ಪ್ರಯೋಗ ಮಾತ್ರ ರಾಜ್ಯದ ತುಂಬ ಹಬ್ಬಲಿಲ್ಲ. ಅದಕ್ಕೆ ಅಚ್ಚರಿಪಡಬೇಕಾಗಿಲ್ಲ. ಪುಕ್ಕಟೆ ಕರೆಂಟು ಸಿಗುವವನಿಗೆ ಫಲಕದ ಸಾಲ ಏಕೆ ಬೇಕು? ಟೊಮೆಟೊಗೆ ರೇಟು ಬಂದ ತಿಂಗಳಲ್ಲಿ ಯೂನಿಟ್ಟಿನ ರೂಪಾಯಿಗೆ ಯಾರು ಮೋಟರು ನಿಲ್ಲಿಸುತ್ತಾರೆ? ಕನಕಪುರ ರಸ್ತೆಯ ಲೇಔಟುಗಳಿಗೆ ನೀರು ಹೊಡೆಯುವ ಟ್ಯಾಂಕರಿನವನು ಅದಕ್ಕಿಂತ ಹೆಚ್ಚು ಎಣಿಸಿದರೆ? ಬಿಟ್ಟ ನೀರಿನ ಬೆಲೆ, ಎತ್ತಿದ ನೀರಿನ ಬೆಲೆಗೆ ಹತ್ತಿರವಾದರೂ ಬರಬೇಕು. ದುಡ್ಡು ತಿಂಗಳು ತಿಂಗಳು ತಪ್ಪದೆ ಬರಬೇಕು. ಇವಿಲ್ಲದೆ ಇಂಥ ಯೋಜನೆಗಳು ಉದ್ಘಾಟನೆಯ ಫೋಟೋದಲ್ಲೇ ಉಳಿಯುತ್ತವೆ. ಆದರೂ ನಾನು ಇದನ್ನು ಸೋತ ಯೋಜನೆ ಎನ್ನಲಾರೆ. ನಿಲ್ಲಿಸುವುದಕ್ಕೂ ಒಂದು ಗುಂಡಿ ಬೇಕು ಎಂದು ಯಂತ್ರ ಮಾಡಿದವರಿಗೆ ಹೊಳೆದದ್ದೇ ಅಪರೂಪ.

ಸುಮ್ಕಿರುವುದು ನಮ್ಮ ರೈತನಿಗೆ ಗೊತ್ತೇ ಇಲ್ಲವೆ ಎಂದರೆ, ಹುಳುಮನೆಗೆ ಹೋಗಿ ನೋಡಬೇಕು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ 'ಜ್ವರ' ಎನ್ನುತ್ತಾರೆ, ಒಂದನೇ ಜ್ವರ, ಎರಡನೇ ಜ್ವರ ಎಂದು. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಅಲುಗದೆ ನಿಲ್ಲುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಗಾಳಿಯಾಡಲು ಬಿಟ್ಟು ಸುಣ್ಣದ ಪುಡಿ ಧೂಳಿಸಿ ಹೊರಗೆ ಬರಬೇಕು. ಅವಸರಪಟ್ಟು ಸೊಪ್ಪು ಸುರಿದರೆ ಮೊದಲೆದ್ದವು ತಿಂದು ಬೆಳೆದು, ಹಿಂದುಳಿದವು ಸೊರಗಿ, ಬೆಳೆ ಏರುಪೇರಾಗುತ್ತದೆ. ಚಿಕ್ಕಂದಿನಲ್ಲಿ ನಾನು ಬಾಗಿಲು ತೆರೆದು ಇಣುಕಿದರೆ ದೊಡ್ಡಮ್ಮ ಗದರುತ್ತಿದ್ದರು: 'ಜ್ವರಕ್ಕೆ ಕೂತವೆ ಕಣೋ, ಸುಮ್ಕಿರು.' ಅದು ಸೋಮಾರಿತನವಲ್ಲ, ಕೈ ಕಟ್ಟಿಕೊಂಡು ಮಾಡುವ ಕೆಲಸ. ಕೊನೆಗೆ ಹುಳು ಹಣ್ಣಾದಾಗ ಮಾತ್ರ ಮನೆಯವರೆಲ್ಲ ಊಟ ಬಿಟ್ಟು ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಓಡಬೇಕು.

ಇದೇ ಹುಳುಮನೆಯ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಹರಾಜು ಈಗ ಮೊಬೈಲಿನಲ್ಲಿ. ಕೊಂಡವರಲ್ಲಿ ಒಬ್ಬನು ಚರಕದಲ್ಲಿ ನೂಲು ತೆಗೆಯುತ್ತಾನೆ, ಇನ್ನೊಬ್ಬ ಕಾಟೇಜ್ ಬೇಸಿನ್‌ನಲ್ಲಿ, ಮತ್ತೊಬ್ಬ ಮಲ್ಟಿ ಎಂಡ್‌ನಲ್ಲಿ, ದುಡ್ಡಿದ್ದವನು ಚೀನಾದಿಂದ ತರಿಸಿದ ಸ್ವಯಂಚಾಲಿತ ಎಆರ್‌ಎಂನಲ್ಲಿ. ಲಾವೊ ತ್ಸುವಿನ ನಾಡಿನ ಯಂತ್ರ ನಮ್ಮ ಹುಳದ ನೂಲು ಸುತ್ತುತ್ತಿದೆ. ಯಂತ್ರ ಎಷ್ಟು ಹೊಸದಾದರೂ ಜ್ವರಕ್ಕೆ ಕೂತ ಹುಳುವನ್ನು ಎಬ್ಬಿಸುವ ಗುಂಡಿ ಅದರಲ್ಲಿಲ್ಲ. ಅದಕ್ಕೇ ರೇಷ್ಮೆಯಲ್ಲಿ ಹಳತೂ ಹೊಸತೂ ಒಂದೇ ಚಾವಡಿಯಲ್ಲಿ ಕೂತಿವೆ.

ನೀರಿಗೆ ಮಾತ್ರ ಇಂಥ ಜ್ವರವಿಲ್ಲವಾದ್ದರಿಂದ ಅದರ ಮೇಲೆ ನಮ್ಮ ಆಟ ನಡೆದಿದೆ. ಕನಕಪುರ ರಸ್ತೆಯಲ್ಲಿ ಬೆಂಗಳೂರಿಗೆ ಹೋಗುವವರು ದಾರಿಯುದ್ದಕ್ಕೂ ನೋಡುವ ಭಾರಿ ಕೊಳವೆಗಳಲ್ಲಿ ಕಾವೇರಿ ಬೆಟ್ಟ ಹತ್ತುತ್ತಾಳೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪು ಕೊಟ್ಟು ಸುಮಾರು 100 ಕಿ.ಮೀ. ದೂರ, ಹೆಚ್ಚುಕಡಿಮೆ ಅರ್ಧ ಕಿ.ಮೀ. ಎತ್ತರಕ್ಕೆ ಏರಿಸುತ್ತಾರೆ. ಮೊದಲ ಹಂತ 1974ರಲ್ಲಿ. ಐದನೆಯದು ಅಕ್ಟೋಬರ್ 2024ರಲ್ಲಿ ಶುರುವಾದದ್ದು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಎತ್ತುವಂಥದ್ದು. ಎಂಜಿನಿಯರಿಂಗ್ ಎಂದರೆ ಇದು, ಟೋಪಿ ತೆಗೆಯಲೇಬೇಕು. ಹಾಗೆ ಎತ್ತಿದ ನೀರು ಬೆಂಗಳೂರಿನ ಬಚ್ಚಲು ತೊಳೆದು, ವೃಷಭಾವತಿಯಾಗಿ ಬೈರಮಂಗಲ ಕೆರೆಗೆ ನೊರೆಯಾಗಿ ಬಿದ್ದು, ಮುಂದೆ ಅರ್ಕಾವತಿ ಸೇರಿ, ಕನಕಪುರ ದಾಟಿ, ಹಾರೋಬೆಲೆ ಜಲಾಶಯದಲ್ಲಿ ತಂಗಿ, ಸಂಗಮದಲ್ಲಿ ಮತ್ತೆ ಕಾವೇರಿಗೆ. ಒಂದು ಸುತ್ತು ಪೂರ್ತಿ. ಕುಡಿಯುವ ನೀರು ನಮ್ಮ ಊರ ಪಕ್ಕದಲ್ಲೇ ಮೇಲಕ್ಕೆ ಹೋಗುತ್ತದೆ, ಕುಡಿಯಲಾಗದ್ದು ನಮ್ಮ ಊರ ನಡುವೆ ಕೆಳಕ್ಕೆ ಬರುತ್ತದೆ.

ಸಂಗಮದ ಕೆಳಗೇ ಮೇಕೆದಾಟು. ಅಲ್ಲಿ 67 ಟಿಎಂಸಿ ಅಡಿಯ ಸಮತೋಲನ ಜಲಾಶಯ, 400 ಮೆಗಾವ್ಯಾಟ್ ವಿದ್ಯುತ್ ಎಂಬ ಯೋಜನೆ, ಅದಕ್ಕಾಗಿ ಜನವರಿ 2022ರಲ್ಲಿ ನಡೆದ ಪಾದಯಾತ್ರೆ, ತಮಿಳುನಾಡಿನ ತಕರಾರು, ಮುಳುಗುವ ಕಾಡು ಎಲ್ಲ ಓದುಗರಿಗೆ ಬಾಯಿಪಾಠ. ಅದರ ಪರ ವಿರೋಧ ಇಲ್ಲಿ ಬೆಳೆಸುವುದಿಲ್ಲ. ಎತ್ತುವ ಲೆಕ್ಕ ಹೇಳುವಷ್ಟು ಗಟ್ಟಿಯಾಗಿ ಹಿಂದಿರುಗಿಸುವ ಲೆಕ್ಕವನ್ನು ಯಾವ ಪಾದಯಾತ್ರೆಯೂ ಹೇಳಲಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ನೀರಿನ ಸ್ವಭಾವ ಕಂಡು ಕಟ್ಟುವುದು ಹೇಗೆಂದು ಚೀನಾದಲ್ಲೇ ಒಂದು ಮಾದರಿ ಇದೆ. ಸಿಚುವಾನ್ ಪ್ರಾಂತದ ದುಜಿಯಾಂಗ್ಯಾನ್. ಕ್ರಿ.ಪೂ. 256ರ ಸುಮಾರಿಗೆ ಲಿ ಬಿಂಗ್ ಎಂಬ ಅಧಿಕಾರಿ ಮಿನ್ ನದಿಗೆ ಅಡ್ಡಗಟ್ಟೆ ಹಾಕದೆ, ನಡುವೆ ಮೀನಿನ ಬಾಯಿಯಂಥ ಒಡ್ಡು ಇಟ್ಟು ಹೊಳೆಯನ್ನು ಎರಡಾಗಿ ಸೀಳಿದ. ಗುಡ್ಡಕ್ಕೆ ಬೆಂಕಿ ಹಾಕಿ ಕಾಯಿಸಿ, ತಣ್ಣೀರು ಸುರಿದು ಬಂಡೆ ಬಿರಿಸಿ ಕಾಲುವೆ ತೆಗೆದ. ನೆರೆ ಬಂದಾಗ ಹೆಚ್ಚಿನ ನೀರೂ ಮರಳೂ ತಾವಾಗಿಯೇ ಆಚೆಗೆ ಉರುಳುತ್ತವೆ. ಹೂಳನ್ನು ಆಳವಾಗಿ ತೆಗೆಯಬೇಕು, ಒಡ್ಡನ್ನು ಮಾತ್ರ ಎತ್ತರಿಸಬಾರದು ಎಂಬುದು ಅಲ್ಲಿನ ನಿಯಮ. ಅದು ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ. ತಾವೋದವರ ಪವಿತ್ರ ಕ್ಷೇತ್ರವಾದ ಚಿಂಗ್‌ಚೆಂಗ್ ಬೆಟ್ಟ ಅದರ ಪಕ್ಕದಲ್ಲೇ ಇದೆ, ಯುನೆಸ್ಕೊ 2000ದಲ್ಲಿ ಎರಡನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಕೆರೆಗಳೂ ಇದೇ ಜಾತಿಯವು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಎಷ್ಟು ನಿಲ್ಲಿಸಬೇಕು ಎಂಬುದನ್ನು ಕೋಡಿಯ ಎತ್ತರ ಹೇಳುತ್ತಿತ್ತು, ಯಾರಿಗೆ ಎಷ್ಟು ಎಂಬುದನ್ನು ತೂಬಿನ ಬಳಿ ನಿಂತ ನೀರುಗಂಟಿ ಹೇಳುತ್ತಿದ್ದ. ಸಾಕು ಎನ್ನುವ ಮಾತು ಕಲ್ಲಿನಲ್ಲೇ ಕಟ್ಟಿತ್ತು. ಬೋರಿಗೆ ಕೋಡಿ ಇಲ್ಲ, ನೀರುಗಂಟಿಯೂ ಇಲ್ಲ. ಸೂರ್ಯರೈತದ ಮೀಟರು ಆ ನೀರುಗಂಟಿಯ ಮೊಮ್ಮಗ ಎನ್ನಬಹುದು, ಅನನುಭವಿ, ಸಂಬಳ ಸರಿಯಾಗಿ ಗೊತ್ತುಮಾಡದ ಹುಡುಗ.

ಈಗ ಆ ಹುಡುಗನೂ ಕೆಲಸ ಕಳೆದುಕೊಳ್ಳುವ ಹಾಗಿದೆ. ಕೇಂದ್ರದ ಪಿಎಂ ಕುಸುಮ್ ಯೋಜನೆ 2019ರಲ್ಲಿ ಬಂದಿತು. ಅದರ 'ಸಿ' ಭಾಗದಡಿ ರಾಜ್ಯದಲ್ಲಿ ಫೀಡರುಗಳಿಗೇ ಸೋಲಾರ್ ಘಟಕ ಜೋಡಿಸುತ್ತಿದ್ದಾರೆ. ಸಬ್‌ಸ್ಟೇಷನ್ನಿನ ಹತ್ತಿರ ಖಾಸಗಿ ಕಂಪನಿ ಫಲಕ ಹಾಕುತ್ತದೆ, ಬೆಸ್ಕಾಂನಂಥ ವಿದ್ಯುತ್ ಕಂಪನಿ ಕರೆಂಟು ಕೊಳ್ಳುತ್ತದೆ, ರೈತನಿಗೆ ಹಗಲು ಏಳು ಗಂಟೆ ತ್ರೀ ಫೇಸ್. ನಡುರಾತ್ರಿ ಎದ್ದು ಕೆಸರು ತುಳಿಯುವುದು ತಪ್ಪುತ್ತದೆ, ಅಷ್ಟರಮಟ್ಟಿಗೆ ಕೈಮುಗಿಯಬೇಕು. ಆದರೆ ಈ ಏರ್ಪಾಟಿನಲ್ಲಿ ಫಲಕ ರೈತನ ಹೊಲದಲ್ಲಿಲ್ಲ, ಕರೆಂಟು ಮಾರುವವನೂ ರೈತನಲ್ಲ. ಆಟೋ ಸ್ಟಾರ್ಟರು ರಾತ್ರಿಯ ಬದಲು ಹಗಲಲ್ಲಿ 'ಟಕ್' ಎನ್ನುತ್ತದೆ, ಅಷ್ಟೇ ವ್ಯತ್ಯಾಸ.

ಹೊಸ ಘಟಕಗಳ ಕರಾರಿಗೆ ಸಹಿ ಹಾಕುವ ಮುನ್ನ ಇಂಧನ ಇಲಾಖೆಯವರು ತಮ್ಮದೇ ಹಾರೋಬೆಲೆಯ ಕಡತವನ್ನು ಒಮ್ಮೆ ತೆರೆದು ನೋಡಲಿ. ಪಂಪ್‌ಸೆಟ್ಟಿಗೊಂದು ಮೀಟರು ಇಟ್ಟು, ಓಡದೆ ಉಳಿದ ಯೂನಿಟ್ಟಿಗೆ ರೈತನ ಖಾತೆಗೆ ಇಷ್ಟು ಎಂಬ ಒಂದು ಸಾಲನ್ನು ಸೇರಿಸಲಿ. ದೊಡ್ಡಪ್ಪನಂಥವರು ಆಟೋ ಬಿಚ್ಚಿಸಲು ಅಷ್ಟು ಸಾಕು.